ಕಪ್ಪು ಅಂಚು

"ಅಯ್ಯೋ ಪಾಪ, ಎಂಥ ಹುಡುಗ! ಆಗ್ಲೇ ಮೂವತ್ತು ವರ್ಷ ಆಗೋಯ್ತಾ?" ದೀಪದ ಕಂಬದ ಮುಂದೆ ನಿಂತ ದೋಂಕಾ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಪಕ್ಕದಲ್ಲೇ ಅಸೆನ್ ಅಂಟಿನ ಡಬ್ಬ ಹಿಡಿದು ನಿಂತಿದ್ದ. ಅಜ್ಜಿ ನೋಡುತ್ತಿದ್ದ ಪೋಸ್ಟರಿನಲ್ಲಿದ್ದವನು ಅವನೇ.

"ನೀನು ಅವನ ಸಂಬಂಧಿಕನೇನಪ್ಪ?"

"ಹೂಂ... ಹತ್ತಿರದವನು."

"ನಮ್ಮ ಕಿಟಕಿ ಕೆಳಗೆ ಗಿಟಾರ್ ಹಿಡ್ಕೊಂಡು ಕಿರುಚೋನು ಕಣಪ್ಪ. ಒಂದ್ಸಲ ಮೇಲಿಂದ ಬಕೆಟ್ ನೀರು ಸುರಿದಿದ್ದೆ. ಈಗ ನೆನೆಸ್ಕೊಂಡ್ರೆ ಕರುಳು ಚುರುಕ್ ಅನ್ನುತ್ತೆ. ಹಾಡ್ತೀನಿ ಅಂತ ರಾಜಧಾನಿ ಸೋಫಿಯಾಗೆ ಹೋದೋನು ಅಲ್ಲೇ ಹೋಗ್ಬಿಟ್ನಾ? ಅಂಥ ಗಂಟಲು ಈ ಊರಲ್ಲಿ ಮತ್ತೆ ಹುಟ್ಟಲಿಲ್ಲ. ಶುಕ್ರವಾರ ಬರ್ತೀನಿ ಬಿಡು, ಅವನ ಹೆಸರಲ್ಲಿ ಹಂಚೋಕೆ ಸಿಹಿ ಗೋಧಿ ಬೇಯಿಸ್ಕೊಂಡೇ ಬರ್ತೀನಿ."

ತಪ್ಪು ಅಜ್ಜಿಯದಲ್ಲ. ನಮ್ಮ ಲೋಮ್ ಊರಿನಲ್ಲಿ ಆ ಕಂಬ ಇರುವುದೇ ಸತ್ತವರಿಗೆ. ಸತ್ತ ದಿನ ಒಂದು ಕಾಗದ, ನಲವತ್ತನೆಯ ದಿನ ಒಂದು, ಆಮೇಲೆ ವರ್ಷ ವರ್ಷ. ಸುತ್ತ ಕಪ್ಪು ಅಂಚು, ನಡುವೆ ಫೋಟೊ, ಕೆಳಗೆ ಹೆಸರು, ಹೋಗಿ ಎಷ್ಟು ವರ್ಷವಾಯಿತೆಂಬ ಲೆಕ್ಕ. ಅಸೆನ್ ತನ್ನ ಪೋಸ್ಟರಿಗೂ ಕಪ್ಪು ಅಂಚು ಹಾಕಿಸಿದ್ದ, ರಾಕ್ ಹಾಡುಗಾರನಿಗೆ ಕಪ್ಪೇ ಒಪ್ಪುತ್ತದೆಂದು. ಉದ್ದ ಕೂದಲಿದ್ದ ಕಾಲದ ಫೋಟೊ. ಕೆಳಗೆ, "ಅಸೆನ್ ದೊಬ್ರೆವ್. ಮೂವತ್ತು ವರ್ಷ. ಶುಕ್ರವಾರ ಸಂಜೆ, ವಾಚನಾಲಯದ ಸಭಾಂಗಣ. ಎಲ್ಲರೂ ಬನ್ನಿ." ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಬರೆದು, ತಾನೇ ರಾಗ ಕಟ್ಟಿ, ತಾನೇ ರೆಕಾರ್ಡ್ ಮಾಡಿ, ಊರೂರು ಹಾಡಿಕೊಂಡು ತಿರುಗಿದ ಮೂವತ್ತು ವರ್ಷ ಅದು. ಹಾಡಿನ ಕಾರ್ಯಕ್ರಮ ಎಂದು ಬರೆಯೋಣವೇ ಎಂದು ಡ್ರಮ್ ಬಾರಿಸುವ ಗೆಳೆಯ ಸ್ಪಾಸ್ ಕೇಳಿದ್ದಕ್ಕೆ, "ನನ್ನ ಮುಖ ಕಂಡ್ರೆ ಜನಕ್ಕೆ ಗೊತ್ತಾಗಲ್ವೇನೋ?" ಎಂದು ಸಿಡುಕಿದ್ದ. ಜಂಬಕ್ಕೇನು ಕಡಿಮೆ!

ಸ್ಪಾಸ್ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಬೇಡ್ವೋ. ಈಗ್ಲೇ ಎಲ್ಲಾ ಕಿತ್ತು ಬಿಸಾಕ್ತೀನಿ," ಎಂದ ಅಸೆನ್.

"ಕೀಳು, ಕೀಳು. ಹೋದ ವರ್ಷ ಇಲ್ಲಿ ಹಾಡಿದಾಗ ಯಾರ್ಯಾರು ಬಂದಿದ್ರು ಹೇಳು? ಕಾವಲುಗಾರ, ಅವನ ಬೆಕ್ಕು. ಬೆಕ್ಕೂ ಅರ್ಧಕ್ಕೇ ಎದ್ದುಹೋಯ್ತು. ಈ ಸಲವೂ ಖಾಲಿ ಹೊಡೆದ್ರೆ ಇನ್ನು ಗಿಟಾರ್ ಮುಟ್ಟಲ್ಲ ಅಂದೋನು ನೀನೇ ತಾನೆ? ಬದುಕಿರೋನ ಹಾಡಿಗೆ ಇಲ್ಲಿ ಯಾರು ಬರ್ತಾರೋ ಮಾರಾಯ? ಸತ್ತೋನ ತಿಥಿಗಾದ್ರೆ ಇಡೀ ಬೀದಿ ಬರುತ್ತೆ."

ಅಸೆನ್ ಅಂಟಿನ ಡಬ್ಬದ ಮುಚ್ಚಳ ಬಿಗಿದ. ಆಮೇಲೆ, "ಮೊದಲನೇ ಹಾಡು ಮುಗಿದ ತಕ್ಷಣ ನಿಜ ಹೇಳಿಬಿಡ್ತೀನಿ," ಎಂದ.

ಶುಕ್ರವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕಪ್ಪು ಬಟ್ಟೆಯಲ್ಲಿ ಬಂದಿದ್ದರು. ವೇದಿಕೆಯ ಅಂಚಿಗೆ ಯಾರೋ ಕುರ್ಚಿ ಹಾಕಿ ಪೋಸ್ಟರನ್ನು ಒರಗಿಸಿಟ್ಟಿದ್ದರು. ಬಂದವರೆಲ್ಲ ಅದರ ಬುಡದಲ್ಲಿ ಹೂವಿಟ್ಟು ಹೋಗಿ ಕೂತರು. ಎರಡು, ನಾಲ್ಕು, ಆರು. ನಮ್ಮಲ್ಲಿ ಬದುಕಿರುವವರಿಗೆ ಕೊಡುವ ಹೂ ಬೆಸ ಸಂಖ್ಯೆಯಲ್ಲಿರಬೇಕು, ಸತ್ತವರಿಗೆ ಇಡುವುದು ಸಮಸಂಖ್ಯೆಯಲ್ಲಿ. ಗಿಟಾರ್ ಹಿಡಿದು ಬಂದ ಬೋಳುತಲೆಯವನನ್ನು ಯಾರೂ ಗುರುತಿಸಲಿಲ್ಲ. ತೀರಿಕೊಂಡವನ ಹಾಡು ಹಾಡಲು ಯಾರನ್ನೋ ಕರೆಸಿದ್ದಾರೆ ಎಂದುಕೊಂಡರು.

ಮೊದಲ ಹಾಡು ಮುಗಿಯಿತು. ಒಂದೇ ಒಂದು ಚಪ್ಪಾಳೆ ಇಲ್ಲ. ತಿಥಿಯಲ್ಲಿ ಯಾರು ಚಪ್ಪಾಳೆ ಹೊಡೆಯುತ್ತಾರೆ? "ದೇವರು ಅವನನ್ನು ಕ್ಷಮಿಸಲಿ" ಎಂದು ಸತ್ತವರಿಗಾಗಿ ಹೇಳುವ ಮಾತನ್ನು ಎಲ್ಲರೂ ಗೊಣಗಿದರು, ಅಷ್ಟೇ. ನಿಜ ಹೇಳಲೆಂದು ಅಸೆನ್ ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನ ಹಾಡು ಕೇಳಿ ಇಷ್ಟು ವರ್ಷದಲ್ಲಿ ಯಾರೂ ಅತ್ತಿರಲಿಲ್ಲ. ಇನ್ನೊಂದು ಹಾಡಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಅದು ಮುಗಿದ ಮೇಲೆ ಮತ್ತೊಂದು. ಹಾಳು ಆಸೆ! ಇದ್ದ ಹಾಡೆಲ್ಲ ಮುಗಿದರೂ ನಿಜ ಮಾತ್ರ ಬಾಯಿಂದ ಹೊರಬೀಳಲಿಲ್ಲ.

ಜನ ಗೋಧಿ ತಿಂದು ಎದ್ದರು. ದೋಂಕಾ ಅಜ್ಜಿ ಅವನಿಗೂ ಒಂದು ಲೋಟ ಗೋಧಿ ತಂದುಕೊಟ್ಟಳು.

"ನೀನೂ ಪರವಾಗಿಲ್ಲ ಕಣಪ್ಪ, ಚೆನ್ನಾಗೇ ಹಾಡ್ದೆ. ಆದ್ರೆ ಅವನ ಗಂಟಲೇ ಬೇರೆ ಬಿಡು."

"ಅಜ್ಜೀ, ಅವನು ನಾನೇ. ನಾನೇ ಅಸೆನ್."

"ಥೂ! ಸತ್ತೋರ ಹೆಸರಲ್ಲಿ ತಮಾಷೆ ಮಾಡ್ತೀಯಾ? ಎರಡು ಹಾಡು ಬಂದ ತಕ್ಷಣ ಇಷ್ಟು ಸೊಕ್ಕಾ? ಅವನ ಕಾಲಿನ ಧೂಳಿಗೂ ಸಮ ಇಲ್ಲ ನೀನು!"

ಅಸೆನ್ ಸಹಾಯಕ್ಕೆಂದು ಸ್ಪಾಸ್‌ನ ಕಡೆ ನೋಡಿದ. ಸ್ಪಾಸ್ ತಲೆ ತಗ್ಗಿಸಿಕೊಂಡು ಡ್ರಮ್ಮಿಗೆ ಬಟ್ಟೆ ಸುತ್ತುತ್ತಿದ್ದ. ಅಸೆನ್‌ನ ಕಣ್ಣು ತುಂಬಿದ್ದು ಕಂಡು ಅಜ್ಜಿ ಕರಗಿದಳು. "ಅಳಬೇಡ, ಅಳಬೇಡ. ಬೈದಿದ್ದನ್ನ ಮನಸ್ಸಿಗೆ ಹಚ್ಕೋಬೇಡ," ಎನ್ನುತ್ತ ಬಗ್ಗಿ, ಫೋಟೊದ ಮುಂದೆ ತಾನಿಟ್ಟಿದ್ದ ಹೂಗಳಲ್ಲಿ ಒಂದನ್ನು ಎತ್ತಿಕೊಂಡಳು. ಅಸೆನ್ ಕೈ ಚಾಚಿದ. ಅಜ್ಜಿ ಕೆಳಗೆ ಉಳಿದಿದ್ದ ಹೂಗಳನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಹೂವನ್ನು ಮೆಲ್ಲಗೆ ಅಲ್ಲೇ ವಾಪಸ್ ಇಟ್ಟಳು.

"ಬೇಡಪ್ಪ, ನಿನಗೊಂದು ಕೊಟ್ರೆ ಅವನಿಗೆ ಬೆಸ ಆಗಿಬಿಡುತ್ತೆ."