ಎಡಗಡೆಯ ಕೈ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಈಗಲೂ ನನಗೆ ಹಳಿಯಾಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ತೀರಿಕೊಂಡು ತಿಂಗಳಾಗಿತ್ತು. ಹಳೆಯ ಜೀಪಿನಲ್ಲಿ ಅವಳ ಸೀಟಿನ ಮೇಲೆ ನನ್ನನ್ನು ಕೂಡಿಸಿಕೊಂಡು ಅಪ್ಪ ಇಮಾಮ್‌ಸಾಬ್ ಮಿಸ್ತ್ರಿಯ ಗ್ಯಾರೇಜಿಗೆ ಬಂದಿದ್ದ. ಇಂಡಿಕೇಟರ್ ಸ್ವಿಚ್ ಬದಲಿಸಬೇಕಿತ್ತು. ಮಿಸ್ತ್ರಿ ಹಳೆಯದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ನೋಡಿದರು. ಒಳಗಿನ ಹಿತ್ತಾಳೆ ಕಿಲುಬು ಹಿಡಿದಿತ್ತು.

“ಇದು ಕೆಟ್ಟು ಭಾಳ ವರ್ಷ ಆಗೇತ್ರಿ. ಇಷ್ಟು ದಿನ ಗಾಡಿ ಹೆಂಗ ಹೊಡದ್ರಿ?”

“ಬಲಕ್ಕ ನಾನು ಕೈ ತೋರಸ್ತಿದ್ನಿ,” ಎಂದ ಅಪ್ಪ. “ಎಡಕ್ಕ ಅಕಿ ತೋರಸ್ತಿದ್ಲು.”

ಮಿಸ್ತ್ರಿಯ ಕಣ್ಣು ಎಡಬಾಗಿಲಿನ ಅಂಚಿಗೆ ಹೋಯಿತು. ಅಲ್ಲಿ ಅವ್ವನ ಬಳೆ ತಾಗಿ ತಾಗಿ ಬಣ್ಣ ಎದ್ದುಹೋಗಿತ್ತು. ಅವರು ಹೊಸ ಸ್ವಿಚ್ಚಿಗೆ ವೈರು ಬೆಸೆದರು.

ಸಂಜೆ ನಮ್ಮೂರು ಸಾಂಬ್ರಾಣಿಯಲ್ಲಿ ಮನೆಯ ಕಡೆಗಿನ ಎಡತಿರುವಿಗೆ ಬಂದಾಗ ಅಪ್ಪ ಸ್ವಿಚ್ ಹಾಕಿದ. ಇಂಡಿಕೇಟರ್ ಟಿಕ್ ಟಿಕ್ ಎನ್ನತೊಡಗಿತು. ಆದರೂ ಅವನು ಜೀಪು ತಿರುಗಿಸದೆ, ಎಡಗಡೆಗೇ ನೋಡುತ್ತ ನಿಲ್ಲಿಸಿಕೊಂಡು ಕೂತ. ನಾನು ಬಾಗಿಲಿನಾಚೆ ಕೈ ಚಾಚಿದೆ.

ಆಗ ತಿರುಗಿಸಿದ.