ಮೊದಲೇ ಬರೆದಿಟ್ಟ ಠರಾವು

"ಕಳ್ಳ ಮೂರು ಸಲಾನೂ ಮನೆ ಹಿಂದಿನ ಗೋಡೆ ಹಾರಿ ಬಂದ. ಹೊತ್ತಲ್ಲದ ಹೊತ್ತಲ್ಲಿ ಹೆರಿಗೆಗೆ ಅಂತ ಬೀದಿಲಿ ಓಡೋಳು ನಾನು. ಈ ಗೇಟು ಯಾರನ್ನ ತಡೆಯುತ್ತೆ?"

ನರ್ಸ್ ಅತ್ತಿಗೆ ಎದ್ದು ನಿಂತು ಹೀಗೆ ಕೇಳಿದಾಗ ಬೀದಿ ಸಮಿತಿಯ ಕಾರ್ಯದರ್ಶಿಯ ಕಾಲು ಮೇಜಿನಡಿ ಇನ್ನೂ ಜೋರಾಗಿ ಅಲುಗತೊಡಗಿತು. ಬೀದಿಗೆ ಗೇಟು ಹಾಕಿಸಿ ರಾತ್ರಿ ಬೀಗ ಜಡಿಯುವ ಠರಾವನ್ನು ಅವನು ಬೆಳಿಗ್ಗೆ ಮನೆಯಲ್ಲೇ ಬರೆದು ತಂದಿದ್ದ. ಕೊನೆಗೆ 'ಸರ್ವಾನುಮತದಿಂದ ಒಪ್ಪಲಾಯಿತು' ಎಂದೂ ಸೇರಿಸಿದ್ದ. ಅವನ ಪಾಲಿಗೆ ಸಭೆಯೆಂದರೆ ಸಹಿ ಹಾಕಿಸುವ ಕೆಲಸ.

"ನರ್ಸಮ್ಮಂದು ಯಾವಾಗ್ಲೂ ಒಂದು ಕೊಂಕು," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಅವನೂ ನಗಲು ಬಾಯಿ ತೆರೆದ. ಆದರೆ ಕಳ್ಳ ಹಾರಿದ್ದ ಮೂರು ಗೋಡೆಗಳಲ್ಲಿ ಒಂದು ಅವನದೇ.

ಪೆನ್ನಿನ ಮುಚ್ಚಳ ತೆಗೆದು 'ಸರ್ವಾನುಮತ'ದ ಮೇಲೆ ಉದ್ದಕ್ಕೆ ಗೀಟು ಎಳೆದ.

"ಇನ್ನೊಂದ್ಸಲ ಹೇಳಿ ಅತ್ತಿಗೆ, ನಿಧಾನಕ್ಕೆ. ಬರ್ಕೋತೀನಿ."