ರಿಮ್ಮಿನ ಅಂಚಿನ ಗುಳ್ಳೆಗಳು

ಟೈರಿನ ಅಂಗಡಿಯಾತ ನನ್ನ ಕಾರಿನ ಚಕ್ರಕ್ಕೆ ಸೋಪಿನ ನೀರು ಬಳಿಯುತ್ತಿದ್ದಾನೆ. ಆ ಒದ್ದೆ ರಬ್ಬರಿನ ವಾಸನೆಗೆ ಪಾಂಡವಪುರದ ನಮ್ಮ ಮನೆಯ ಅಂಗಳ ಕಣ್ಣ ಮುಂದೆ ಬಂದು ನಿಂತಿದೆ.

ತಾತ ಕಮ್ಮಾರ. ಎತ್ತಿನ ಗಾಡಿಗಳು ಕಡಿಮೆಯಾದ ಮೇಲೆ ಕುಲುಮೆಯ ಪಕ್ಕದಲ್ಲೇ ಪಂಚರ್ ಅಂಗಡಿ ಇಟ್ಟಿದ್ದ. ಬಾಣಂತನಕ್ಕೆ ಬಂದಿದ್ದ ಅತ್ತೆಯನ್ನೂ ಐದು ತಿಂಗಳ ಕೂಸನ್ನೂ ಕರೆದೊಯ್ಯಲು, ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಮಾವ ಕಾರು ತಂದಿದ್ದರು. ಊಟ ಮುಗಿಯುವಷ್ಟರಲ್ಲಿ ಹಿಂದಿನ ಚಕ್ರ ಕುಗ್ಗಿ ಕೂತಿತ್ತು.

ತಾತ ಬಟ್ಟೆ ಸೋಪು ಕಲಸಿದ ನೀರನ್ನು ಚಿಂದಿಯಿಂದ ಬಳಿದ. ರಿಮ್ಮಿನ ಅಂಚಿನುದ್ದಕ್ಕೂ ಸಾಸಿವೆಯಷ್ಟು ಗುಳ್ಳೆಗಳು ಎದ್ದು, ಬಿಸಿಲಲ್ಲಿ ಬಣ್ಣ ತಿರುಗಿಸುತ್ತಾ ಒಡೆದವು. ಕೂಸು ಅದನ್ನೇ ನೋಡಿ ನಗುತ್ತಿತ್ತು.

"ಪಂಚರ್ ಅಲ್ಲ, ರಿಮ್ಮಿಗೆ ತುಕ್ಕು ಹಿಡ್ದದೆ. ಟೈರು ಬಿಚ್ಚಿ ಉಜ್ಜಬೇಕು," ಎಂದ ತಾತ. "ಇವತ್ತು ಅಮಾಸೆ, ನಾವು ಸುತ್ಗೆ ಮುಟ್ಟಾಕಿಲ್ಲ. ನಾಳೆ ಮಾಡ್ಕೊಡ್ತೀನಿ ಬುಡಿ."

ಅಜ್ಜಿ ಒಳಗೆ ಹೋಗಿ ರಾತ್ರಿಯ ಅಡುಗೆಗೆ ಅಕ್ಕಿ ಅಳೆದಳು.

ಸಂಜೆ ಜಗಲಿಯಲ್ಲಿ ಅತ್ತೆಯ ತೊಡೆಗೆ ತಲೆಯಿಟ್ಟು ಮಲಗಿದ್ದೆ. ತೆಂಗಿನ ಮರದ ಹಿಂದಿನಿಂದ ದುಂಡನೆಯ ಚಂದ್ರ ಬಂದ.

"ಇವತ್ತು ಅಮಾಸೆ ಅಲ್ವಾ?" ಎಂದೆ.

ಮಾವ ತಲೆಯೆತ್ತಿ ನೋಡಿದರು. "ನಿಮ್ಮ ತಾತ ಅಮಾಸೆ ಅಂದ್ಮೇಲೆ ಅಮಾಸೆನೇ ಕಣವ್ವ."

ಬೆಳಿಗ್ಗೆ ತಾತ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ಟೈರು ಕೂರಿಸಿ, ಗಾಳಿ ತುಂಬಿ, ಮತ್ತೆ ಸೋಪಿನ ನೀರು ಬಳಿದ. ಅತ್ತೆ ಕೂಸನ್ನೆತ್ತಿಕೊಂಡು ಕಾರಿನ ಬಾಗಿಲ ಬಳಿ ನಿಂತಿದ್ದಳು. ತಾತ ಮಾತ್ರ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದಾದರೂ ಗುಳ್ಳೆ ಏಳುತ್ತದೇನೋ ಎಂದು ಕಾಯುತ್ತಲೇ ಇದ್ದ.